ಬೇಬಿ ಕ್ಯಾರೆಟ್ಟು ಮತ್ತು ನನ್ನ ಬಲಗಾಲು

ಹೆಬ್ಬೆರಳು ಹೋಗಬಹುದಿತ್ತು. ಹೆಬ್ಬೆರಳ ಹಿಂದೆ ಪಾದ, ಪಾದದ ಹಿಂದೆ ಮೊಣಕಾಲು. ನಮ್ಮ ಅಕ್ಕನ ಗಂಡ ನಂಜುಂಡ ಭಾವ ಹೇಳಿದ ಪ್ರಕಾರವಾದರೆ ಸೊಂಟದ ಕೆಳಗೆ ಏನೂ ಉಳಿಯುವ ಹಾಗಿರಲಿಲ್ಲ. ಕಣ್ಣು ಮಂಜಾಗಬಹುದಿತ್ತು. ಸೂಜಿ ಚುಚ್ಚುವಾಗ ಮುರಿದು ಒಳಗೇ ಉಳಿಯಬಹುದಿತ್ತು. ಮಡಿಕೇರಿ ಬಸ್ಸು ತಿರುವಿನಲ್ಲಿ ಉರುಳಿ, ಕಾಯಿಲೆಗೆ ಕೆಲಸವೇ ಇಲ್ಲದಂತಾಗಬಹುದಿತ್ತು. ಕಾಫಿ ಕುಯ್ಲು ಶುರುವಾದಾಗ ನಾನು ಮಂಚದ ಮೇಲೇ ಇದ್ದು, ಎಸ್ಟೇಟಿನವರು ಬೇರೊಬ್ಬ ರೈಟರನ್ನು ತಂದು, ಅವನು ನನ್ನ ಕುರ್ಚಿಯಲ್ಲಿ ಕೂತು, ನನ್ನ ಕ್ವಾರ್ಟರ್ಸಿನಲ್ಲಿ ಮಲಗಿ, ನಾನು ನೆಟ್ಟ ಕರಿಬೇವಿನ ಗಿಡದಿಂದ ಸೊಪ್ಪು ಕಿತ್ತು ಒಗ್ಗರಣೆ ಹಾಕಿಸಿಕೊಳ್ಳಬಹುದಿತ್ತು. ನಿಜ ಹೇಳಬೇಕೆಂದರೆ ಕಾಲಿಗಿಂತ ಆ ಕರಿಬೇವಿನ ಯೋಚನೆಯೇ ನನ್ನನ್ನು ಹೆಚ್ಚು ಸುಟ್ಟಿತು.

ನಾನು ಇರುವುದೇ ಹಾಗೆ. ಆಕಾಶ ತಿಳಿಯಾಗಿದ್ದರೆ ಕಾಫಿ ಹೂವಿಗೆ ಮಳೆ ಬಾರದೇನೋ ಎಂದು ಚಿಂತೆ, ಮಳೆ ಬಂದರೆ ನಿಲ್ಲದೇನೋ ಎಂದು ಚಿಂತೆ. ಚಿಂತೆ ಮಾಡಲು ಏನೂ ಸಿಗದ ದಿನ, ಏನನ್ನೋ ಮರೆತಿದ್ದೇನೆಂದು ಚಿಂತೆ.

ರೈಟರ್ ಎಂದೆ. ಕತೆ ಬರೆಯುವವನಲ್ಲ, ಕಾಫಿ ತೋಟದ ಗುಮಾಸ್ತ. ಆಳುಗಳ ಹಾಜರಿ ಹಾಕಬೇಕು, ತೋಟ ಸುತ್ತಬೇಕು, ಪಿಕ್ಕಿಂಗ್ ಕಾಲದಲ್ಲಿ ಕುಯ್ದ ಹಣ್ಣನ್ನು ನಿಂತು ಅಳೆಸಬೇಕು. ಬರೆಯುವುದು ಕೈಯಿಂದಾದರೂ ಸಂಬಳ ಬರುವುದು ಕಾಲಿನಿಂದ. ನೆಲ್ಯಹುದಿಕೇರಿಯ ಹತ್ತಿರದ ಒಂದು ಎಸ್ಟೇಟಿನಲ್ಲಿ ನನ್ನ ಕೆಲಸ. ನಮ್ಮ ತಂದೆಯ ಕಾಲದಲ್ಲಿ ಹಾಸನದ ಸೀಮೆಯಿಂದ ಬಂದು ಕುಶಾಲನಗರದ ಕಡೆ ನೆಲೆಯಾದ ಒಕ್ಕಲು ನಮ್ಮದು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿತೆಂದು ಎಲ್ಲರೂ ಪರ ವಿರೋಧ ಮಾತಾಡುತ್ತಿದ್ದಾಗ ನಮ್ಮ ಅವ್ವ ಅಂದದ್ದು ಇಷ್ಟೆ: "ನಾವು ಮೈಸೂರು ಬಿಟ್ಟು ಬಂದ್ರೆ ಅದೇ ಹಿಂದೆ ಹುಡುಕ್ಕಂಡು ಬಂತಲ್ಲ ಮಗ!"

ಹಾಗೆಯೇ ಹುಡುಕಿಕೊಂಡು ಬಂದದ್ದು ನನ್ನ ಕಾಯಿಲೆ. ಆಷಾಢದ ಮಳೆಯಲ್ಲಿ ತೋಟ ಸುತ್ತುವಾಗ ಬಲಗಾಲಿನ ಹೆಬ್ಬೆರಳ ಸಂದಿಯಲ್ಲಿ ಒಂದು ಜಿಗಣೆ ಕಚ್ಚಿತು. ನಮ್ಮಲ್ಲಿ ಜಿಗಣೆ ಕಚ್ಚುವುದು ಒಂದು ವಿಷಯವೇ ಅಲ್ಲ. ಸುಣ್ಣ ಮುಟ್ಟಿಸಿ ಕಿತ್ತು ಬಿಸಾಡಿದೆ. ಜಿಗಣೆ ಹೋಯಿತು, ಗಾಯ ಹೋಗಲಿಲ್ಲ. ಅರಿಶಿನ ಹಾಕಿದೆವು. ಸೊಪ್ಪು ಅರೆದು ಕಟ್ಟಿದೆವು. ಮಳೆ ಹಿಡಿದು ಬಿಟ್ಟು ಮತ್ತೆ ಹಿಡಿಯಿತು. ಗಾಯ ಮಾತ್ರ ಬಾಯಿ ಮುಚ್ಚಲೊಲ್ಲದು.

"ಆಸ್ಪತ್ರೆಗೆ ಹೋಗ್ತೀನಿ" ಎಂದೆ.

"ಜಿಗಣೆ ಕಚ್ಚಿದ್ದಕ್ಕೆ ಆಸ್ಪತ್ರೆಗೆ ಹೋದೋರು ಈ ಸೀಮೇಲಿ ಯಾರಾದ್ರೂ ಅವ್ರೇನ್ಲಾ?" ಎಂದು ಅವ್ವ ನಕ್ಕಳು. "ಆಸ್ಪತ್ರೆಯೋರು ನಿನ್ನ ಬಿಟ್ಟು ಜಿಗಣೆಗೆ ಔಸ್ತಿ ಕೊಟ್ಟಾರು, ಪಾಪ ಅಂತ!"

ನನ್ನ ಹೆಂಡತಿ ಜಯಮ್ಮ ನಗಲಿಲ್ಲ. ಬಚ್ಚಲಿನ ಹಿಂದೆ, ನಾನು ಬೆಳಗ್ಗೆ ಹೋಗುವ ಜಾಗದಲ್ಲಿ, ಇರುವೆ ಸಾಲುಗಟ್ಟಿರುವುದನ್ನು ಅವಳು ನೋಡಿದ್ದಳು. "ಅಲ್ಲಿ ಬೆಲ್ಲ ಏನಾದ್ರೂ ಚೆಲ್ಲಿದ್ರಾ?" ಎಂದು ಕೇಳಿದಳು. ನಾನು ಇಲ್ಲವೆಂದೆ. ಅವಳು ನನ್ನ ಕೋಟು ಒಣಗಿಸಲು ಶುರುಮಾಡಿದಳು. ಮಡಿಕೇರಿಗೆ ಹೋಗುವಾಗ ಮಾತ್ರ ಹಾಕುವ ಕೋಟು ಅದು.

ಮಡಿಕೇರಿಯಲ್ಲಿ ಡಾಕ್ಟರ ಮನೆಯ ಜಗಲಿಯೇ ರೋಗಿಗಳು ಕಾಯುವ ಜಾಗ. ಉದ್ದ ಬೆಂಚಿನ ಮೇಲೆ ಎಲ್ಲರೂ ತಮ್ಮ ತಮ್ಮ ಬಾಟಲಿಯನ್ನು ಶಾಲಿನಲ್ಲೋ ಪೇಪರಿನಲ್ಲೋ ಮುಚ್ಚಿಟ್ಟುಕೊಂಡು, ಬೇರೆಯವರ ಬಾಟಲಿ ಕಾಣಿಸದವರಂತೆ ಕೂತಿದ್ದರು. ಒಳಗಿನಿಂದ ಕಾಂಪೌಂಡರ್ ಬಂದು, "ರೈಟರ್ ಯಾರು? ಮೂತ್ರ ತಂದಿದ್ದೀರಾ?" ಎಂದು ಮಡಿಕೇರಿಗೆಲ್ಲ ಕೇಳುವಂತೆ ಕೂಗಿದ. ತಂದಿದ್ದೆ. ಕೊಟ್ಟೆ.

ಡಾಕ್ಟರು ಗಾಜಿನ ಕೊಳವೆಯಲ್ಲಿ ನೀಲಿ ಔಷಧಿ ಹಾಕಿ, ನಮ್ಮದನ್ನು ಕೆಲವು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಕೆಂಪಿಗೆ ಬಂದು ನಿಂತಿತು. ಡಾಕ್ಟರು ಹುಬ್ಬೇರಿಸಿ ನನ್ನ ಬಾಟಲಿಯನ್ನು ಬೆಳಕಿಗೆ ಹಿಡಿದರು.

"ಇದು ಯಾವುದರ ಬಾಟಲಿ?"

ಜಯಮ್ಮ ಮೆಲ್ಲಗೆ, "ಜೇನಿಂದು" ಎಂದಳು.

"ತೊಳೆದಿದ್ರಾ?"

"ಜೇನಲ್ವಾ, ಎಷ್ಟು ತೊಳೆದ್ರೂ..."

ನಾನು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟೆ. ಜೇನು! ಕಾಯಿಲೆ ನನ್ನದಲ್ಲ, ಬಾಟಲಿಯದು! ಜಯಮ್ಮನ ಕೊಳಕು ಕೆಲಸಕ್ಕೆ ನಾನು ಜೀವನದಲ್ಲಿ ಅಷ್ಟು ಸಂತೋಷಪಟ್ಟದ್ದಿಲ್ಲ. ಡಾಕ್ಟರು ಸಮಾಧಾನವಾಗಿ ಒಂದು ಸ್ವಚ್ಛ ಗಾಜಿನ ಲೋಟ ಕೊಟ್ಟು ಹಿತ್ತಲಿಗೆ ಕಳಿಸಿದರು. ಆ ಹಿತ್ತಲಿನಲ್ಲಿ ನಿಂತಿದ್ದ ಅಷ್ಟು ಹೊತ್ತು ನಾನು ಆರೋಗ್ಯವಂತನಾಗಿದ್ದೆ. ವಾಪಸು ಬಂದು ಮತ್ತೆ ಕಾಯಿಸಿದರು. ಮತ್ತದೇ ಇಟ್ಟಿಗೆ ಕೆಂಪು.

"ಜೇನು ನಿಮ್ಮೊಳಗೇ ಇದೆ" ಎಂದರು ಡಾಕ್ಟರು.

ಸಕ್ಕರೆ ಕಾಯಿಲೆ. ಗಾಯ ಮಾಯದಿರುವುದು ಅದರಿಂದಲೇ. ದಿನಾ ಸೂಜಿ, ದಿನಾ ಪಟ್ಟಿ ಬದಲಾವಣೆ, ಎರಡನ್ನೂ ಎಸ್ಟೇಟಿನ ಡಿಸ್ಪೆನ್ಸರಿಯಲ್ಲೇ ಮಾಡಿಸಿಕೊಳ್ಳಬಹುದು. ಗಾಯ ಒಣಗುವ ತನಕ ತೋಟ ಸುತ್ತುವ ಹಾಗಿಲ್ಲ.

"ಪಿಕ್ಕಿಂಗ್ ಹೊತ್ತಿಗೆ ಮಾಯುತ್ತಾ?" ಎಂದೆ.

"ಮಾಯಬೇಕು. ಮಾಯದೆ ಮೇಲಕ್ಕೆ ಹೋದರೆ ಬೆರಳು ತೆಗೀಬೇಕಾಗುತ್ತೆ. ಊಟದ ನಡುವೆ ಬಾಯಾಡಿಸೋ ಅಭ್ಯಾಸ ಇದೆಯಾ?"

ನಾನು ಬಾಯಿ ತೆರೆಯುವ ಮೊದಲೇ ಜಯಮ್ಮ ಶುರುಮಾಡಿದಳು. "ಬೆಲ್ಲ, ಕೋಡುಬಳೆ, ಬಾಳೆಹಣ್ಣು, ಬೆಲ್ಲದ ಕಾಫಿ, ಚಕ್ಕುಲಿ, ಬೆಲ್ಲ..."

"ಬೆಲ್ಲ ಆಗಲೇ ಹೇಳಿದಿರಿ."

"ಎರಡು ಸಲ ತಿಂತಾರೆ ಅದಕ್ಕೆ."

ಡಾಕ್ಟರು ಅದೆಲ್ಲವನ್ನೂ ಒಂದೇ ಕೈಬೀಸಿನಲ್ಲಿ ಗುಡಿಸಿ ಹಾಕಿದರು. "ಬಾಯಿ ಬೇಡಿದಾಗ ಹಸಿ ಕ್ಯಾರೆಟ್ ತಿನ್ನಿ. ಅದರಲ್ಲೂ ಸಿಹಿ ಇದೆ, ಆದರೆ ಬೆಲ್ಲದ ಹಾಗೆ ಮೈಮೇಲೆ ಬರಲ್ಲ. ನಾರು ಇದೆ, ಹೊಟ್ಟೆ ತುಂಬುತ್ತೆ. ಕಣ್ಣಿಗೂ ಒಳ್ಳೇದು. ಬೇಬಿ ಕ್ಯಾರೆಟ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ಮತ್ತೆ, ಚಿಂತೆ ಮಾಡೋದು ಬಿಡಿ."

"ಬೆಲ್ಲ ಬಿಡ್ತೀನಿ ಸಾರ್. ಕಾಫಿಗೆ ಸಕ್ಕರೆ ಬಿಡ್ತೀನಿ. ಚಿಂತೆ ಬಿಡಕ್ಕಾಗಲ್ಲ. ಏನಾದ್ರೂ ಒಂದು ನಂಗೂ ಇರ್ಲಿ."

ಬಸ್ಸಿನಲ್ಲಿ ಜಯಮ್ಮ ನಿಟ್ಟುಸಿರು ಬಿಟ್ಟಳು. "ಪುಣ್ಯಕ್ಕೆ ಬೇಬಿ ಅಂಗಡಿ ನಮ್ಮ ಹತ್ರಾನೇ ಇದೆ ಕಣ್ರೀ."

ನನಗೂ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ನಮ್ಮ ಎಸ್ಟೇಟಿನ ಗೇಟಿನ ಎದುರಿಗೆ ಅಂಗಡಿ ಇಟ್ಟಿದ್ದ ಮಲಯಾಳಿಯ ಹೆಸರು ಬೇಬಿ. ಅವರ ಕಡೆ ಗಂಡಸರಿಗೂ ಇಡುವ ಹೆಸರು. ಈ ಬೇಬಿಗೆ ಎಮ್ಮೆಯ ಕೊಂಬಿನಂಥ ಮೀಸೆ, ಎರಡು ಅಕ್ಕಿ ಮೂಟೆಯನ್ನು ಒಟ್ಟಿಗೆ ಎತ್ತುವ ತೋಳು. ಅವನ ಹೆಸರು ಮಡಿಕೇರಿಯವರೆಗೂ ಹೋಗಿದೆಯೆಂದರೆ, ಅವನು ಸಾಲ ಕೊಡದಿರುವ ಖ್ಯಾತಿಯೇ ಅಂಥದ್ದು ಎಂದುಕೊಂಡೆ.

ಬಸ್ಸಿಳಿದು ನೆಟ್ಟಗೆ ಅಂಗಡಿಗೆ ಕುಂಟಿಕೊಂಡು ಹೋದೆ.

"ಬೇಬಿ, ಕ್ಯಾರೆಟ್ ಕೊಡು."

"ಎಂದಾ ಸಾರೇ?"

"ಕ್ಯಾರೆಟ್. ಮಡಿಕೇರಿ ಡಾಕ್ಟರು ನಿನ್ನದೇ ತಿನ್ನಬೇಕು ಅಂದ್ರು."

ಬೇಬಿ ಒಣಮೀನು ತೂಗುತ್ತಿದ್ದ ಕೈಯನ್ನು ಉಟ್ಟ ಪಂಚೆಗೆ ಒರೆಸಿಕೊಂಡ. "ನಂದು? ನಂದು ಹೆಸರು ಹೇಳ್ತಾ?"

"ಬಾಯಿಬಿಟ್ಟು ಹೇಳಿದರು. ಬೇಬಿ ಕ್ಯಾರೆಟ್ ಅಂತ. ಇವಳೂ ಕೇಳಿಸ್ಕೊಂಡ್ಲು."

"ಹೌದು, ಹೇಳಿದ್ರು" ಎಂದಳು ಜಯಮ್ಮ.

ಅವನು ಅಂಗಡಿಯನ್ನೊಮ್ಮೆ ನೋಡಿದ. ಒಣಮೀನು, ಮರಗೆಣಸು, ಸೀಮೆಎಣ್ಣೆ, ಹಗ್ಗ, ಬೀಡಿ. ಕ್ಯಾರೆಟ್ಟನ್ನು ಅವನು ಜನ್ಮದಲ್ಲಿ ಮಾರಿದವನಲ್ಲ. ಆದರೂ ಎದೆ ಸೆಟೆಸಿ, "ನಾಳೆ ಮೈಸೂರು ಲಾರಿ ಬರ್ತದೆ ಸಾರೇ. ಡಾಕ್ಟರು ನನ್ನ ಹೆಸರು ಹೇಳಿದ್ಮೇಲೆ ಇಲ್ಲ ಅನ್ಲಿಕ್ಕೆ ಆಗ್ತದಾ?" ಎಂದ.

ಲಾರಿಯಲ್ಲಿ ಬಂದವು ಮೊಣಕೈಯಷ್ಟು ದಪ್ಪದವು, ನಡುವೆ ಕಟ್ಟಿಗೆಯಂಥ ತಿರುಳು. ಆದರೂ ತಿಂದೆ. ತಿನ್ನುವುದಕ್ಕಿಂತ ಕಷ್ಟವಾದದ್ದು ಇಟ್ಟುಕೊಳ್ಳುವುದು. ನಮ್ಮ ಮನೆಗಳಲ್ಲಿ ಮಳೆಗಾಲಕ್ಕೆ ಯಾವುದನ್ನು ಉಳಿಸಬೇಕಾದರೂ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು. ಅವ್ವ ಕ್ಯಾರೆಟ್ಟನ್ನೂ ಏರಿಸಿದಳು. ಇಳಿಸುವಾಗ ಅವು ಸುಕ್ಕಾಗಿ, ಹೊಗೆಯ ವಾಸನೆ ಹಿಡಿದು, ಬಗ್ಗಿಸಿದರೆ ಚರ್ಮದ ಪಟ್ಟಿಯ ಹಾಗೆ ಬಗ್ಗುತ್ತಿದ್ದವು. ಮುಂದಿನ ಸಲ ಜಯಮ್ಮ ನೀರಿನ ಪಾತ್ರೆಯಲ್ಲಿ ಹಾಕಿ ಮುಚ್ಚಿಟ್ಟಳು. ನೀರು ಬದಲಾಯಿಸಲು ಮರೆತು, ಅವಕ್ಕೆ ಲೋಳೆ ಹಿಡಿಯಿತು. ಸೊಪ್ಪಿನ ಸಮೇತ ಇಟ್ಟರೆ ಸೊಪ್ಪು ಚೆನ್ನಾಗಿದ್ದು ಗೆಡ್ಡೆ ಬಾಡಿತು. ಹಣ್ಣಾಗುತ್ತಿದ್ದ ಬಾಳೆಗೊನೆಯ ಪಕ್ಕದಲ್ಲಿಟ್ಟದ್ದು ಕಹಿಯಾಯಿತು.

"ಕಾಯಿಲೆ ನಿಂಗೋ, ಈ ಕೆಂಪು ಮೂಲಂಗಿಗೋ?" ಎಂದಳು ಅವ್ವ.

ಕೊನೆಗೆ ಜಯಮ್ಮನಿಗೆ ಬಿತ್ತನೆ ಶುಂಠಿಯ ನೆನಪಾಯಿತು. ಅದನ್ನು ಮರಳಿನಲ್ಲಿ ಇಡುವುದಿಲ್ಲವೇ? ಹೊಳೆಯ ಮರಳು ತಂದು, ಕೈಗೆ ತಂಪು ತಾಗುವಷ್ಟೇ ತೇವ ಮಾಡಿ, ಅಗಲ ಬಾಯಿಯ ಮಡಕೆಗೆ ಒಂದು ಹಾಸು ಮರಳು, ಒಂದು ಹಾಸು ಕ್ಯಾರೆಟ್ಟು ಹಾಕಿದಳು. ಸೊಪ್ಪು ಕತ್ತರಿಸಿ, ಆದರೆ ತೊಳೆಯದೆ. ಬಾಯಿಗೆ ಒದ್ದೆ ಗೋಣಿ ಮುಚ್ಚಿ ಬಿಸಿಲು ಬೀಳದ ಮೂಲೆಗೆ ಸೇರಿಸಿದಳು. ಮುಂದಿನ ಲಾರಿ ಬರುವ ತನಕವೂ ಅವು ಮುರಿದರೆ ಟಕ್ಕೆನ್ನುತ್ತಿದ್ದವು. ಆ ದಿನಕ್ಕೆ ಬೇಕಾದಷ್ಟನ್ನು ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಲ್ಯುಮಿನಿಯಂ ಡಬ್ಬಿಯಲ್ಲಿ ಹಾಕಿ ನನ್ನ ಪಕ್ಕಕ್ಕೆ ಇಡುತ್ತಿದ್ದಳು.

ಗಾಯ ಮಾಯಿಸುವುದು ಕ್ಯಾರೆಟ್ ಅಲ್ಲ ಎನ್ನುವುದು ನನಗೆ ಗೊತ್ತಿತ್ತು. ಅದು ಸೂಜಿಯ ಕೆಲಸ, ಪಟ್ಟಿಯ ಕೆಲಸ, ಪಥ್ಯದ ಕೆಲಸ. ಆದರೆ ಸೂಜಿ ಚುಚ್ಚಿಸಿಕೊಳ್ಳುವುದು ಅರೆಗಳಿಗೆ. ಉಳಿದ ಇಡೀ ದಿನ ಕಾಲು ಮೇಲಿಟ್ಟುಕೊಂಡು ಕೂತವನು ಏನು ಮಾಡಬೇಕು? ಕಾಲು ನೋಡಿದರೆ ಭಯ. ನೋಡದಿದ್ದರೆ ಅದು ಅಲ್ಲಿ ಏನು ಮಾಡುತ್ತಿದೆಯೋ ಎಂದು ಭಯ. ಆಗ ಡಬ್ಬಿ ತೆಗೆದು ಒಂದನ್ನು ಕಚ್ಚುತ್ತಿದ್ದೆ. ಅದು ಹಲ್ಲಿನಡಿ ಮುರಿಯುವ ಸದ್ದಿನಲ್ಲಿ ಒಂದು ಜಗಳದ ಸುಖವಿತ್ತು. ಬೆಲ್ಲ ಕರಗಿ ಶರಣಾಗುತ್ತದೆ. ಕ್ಯಾರೆಟ್ಟು ಎದುರು ಮಾತಾಡುತ್ತದೆ.

ಡಾಕ್ಟರು ನೀಲಿ ಔಷಧಿಯ ಒಂದು ಬಾಟಲಿ, ಗಾಜಿನ ಕೊಳವೆ, ದೀಪ ಕೊಟ್ಟು ಮನೆಯಲ್ಲೇ ಪರೀಕ್ಷೆ ಮಾಡಲು ಕಲಿಸಿದ್ದರು. ಅವ್ವ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ಅದನ್ನ ಬೇಯಿಸೋದಾದ್ರೆ ಆಚೆ ಬೇಯಿಸ್ಕ. ನನ್ನ ಒಲೆ ಹತ್ರ ತಂದೀಯಾ, ಜೋಕೆ!" ನಾನು ಜಗಲಿಯಲ್ಲಿ ಬೇಯಿಸಿದೆ. ಸಕ್ಕರೆ ಕಡಿಮೆಯಾದಷ್ಟೂ ಕೆಂಪು ಇಳಿಯಬೇಕು. ಮೊದಮೊದಲು ಇಟ್ಟಿಗೆ. ಆಮೇಲೆ ಕಿತ್ತಳೆ. ಒಂದು ದಿನ ಹಳದಿ ಬಂದಾಗ ಬಾಗಿಲ ಮರೆಯಿಂದ ಅವ್ವನೇ ಕೇಳಿದಳು, "ಇವತ್ತು ಯಾವ ಬಣ್ಣ ಬಂತ್ಲಾ?"

ಅಷ್ಟರಲ್ಲಿ ಮ್ಯಾನೇಜರು ಬಂದರು. ಒಳ್ಳೆಯ ಮನುಷ್ಯ, ಅದೇ ನನಗೆ ಹೆದರಿಕೆ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಕಾಲಿನ ಪಟ್ಟಿ ನೋಡಿ, "ಪಿಕ್ಕಿಂಗಿಗೆ ಗೋಣಿಕೊಪ್ಪದಿಂದ ಒಬ್ಬರನ್ನ ಕರೆಸ್ತೀನಿ ರೈಟ್ರೇ. ನೀವು ಊರಿಗೆ ಹೋಗಿ ರೆಸ್ಟ್ ತಗೊಳ್ಳಿ" ಎಂದರು. ಊರಿಗೆ ಎಂದರೆ ಕ್ವಾರ್ಟರ್ಸ್ ಬಿಟ್ಟು ಎಂದು ಅರ್ಥ.

"ಪಿಕ್ಕಿಂಗಿಗೆ ನಾನೇ ಬರ್ತೀನಿ ಸಾರ್."

"ಆ ಕಾಲಲ್ಲಾ?"

"ಎರಡೂ ಕಾಲಲ್ಲಿ."

ಅವರು ಹೋದರು. ಎಂಥ ಮಾತಾಡಿಬಿಟ್ಟೆ! ಡಬ್ಬಿ ಪೂರ್ತಿ ಖಾಲಿ ಮಾಡಿದೆ.

ಮುಂದಿನ ಸಲ ಮಡಿಕೇರಿಗೆ ಹೋದಾಗ ಡಾಕ್ಟರು ಕ್ಯಾರೆಟ್ ಸಿಗುತ್ತಿದೆಯೇ ಎಂದು ಕೇಳಿದರು. ಜಯಮ್ಮ ಉತ್ಸಾಹದಿಂದ, "ಬೇಬಿ ತರಿಸ್ಕೊಡ್ತಾನೆ, ಆದ್ರೆ ಬಲು ದಪ್ಪ ಸಾರ್" ಎಂದಳು. ಯಾವ ಬೇಬಿ ಎಂದರು. ಹೇಳಿದೆವು. ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಬೇಬಿ ಎಂದರೆ ಎಳೆಯದು, ಬೆರಳಷ್ಟಿರುವಾಗಲೇ ಕಿತ್ತದ್ದು ಎಂದು ಬಿಡಿಸಿ ಹೇಳಿದರು.

"ಅವನಿಗೆ ಹೇಳ್ಬೇಡಿ" ಎಂದಳು ಜಯಮ್ಮ ವಾಪಸು ಬರುವಾಗ. "ಬೇಜಾರು ಮಾಡ್ಕೋತಾನೆ."

ಹೇಳುವ ಅವಶ್ಯಕತೆಯೂ ಬೀಳಲಿಲ್ಲ. ತನ್ನ ಹೆಸರಿನ ಕ್ಯಾರೆಟ್ಟನ್ನು ಮೈಸೂರಿನವರು ಬೆಳೆಯುವುದು ಬೇಬಿಗೆ ಅವಮಾನವೆನಿಸಿ, ಅವನು ಯಾರಿಗೂ ಹೇಳದೆ ಬೀಜ ತರಿಸಿ, ಅಂಗಡಿಯ ಹಿಂದಿನ ಮರಳು ನೆಲದಲ್ಲಿ ಮಡಿ ಮಾಡಿ ಬಿತ್ತಿದ್ದ. ರಾಗಿ ಚೆಲ್ಲಿದ ಹಾಗೆ ಒತ್ತೊತ್ತಾಗಿ ಬಿತ್ತಿದ್ದ. ದಪ್ಪವಾಗಲು ಜಾಗವೂ ಇರಲಿಲ್ಲ, ಆಗುವ ತನಕ ಕಾಯುವ ತಾಳ್ಮೆ ಬೇಬಿಗೂ ಇರಲಿಲ್ಲ. ದೀಪಾವಳಿ ಹತ್ತಿರವಾದಾಗ ಒಂದು ಸಂಜೆ ನಮ್ಮ ಜಗಲಿಗೆ ಬಂದು ಬಾಳೆಲೆ ಬಿಚ್ಚಿದ. ಎಳೆಯವು, ಕಿರುಬೆರಳಷ್ಟು.

"ಚಿಕ್ಕದು ಆಯ್ತು ಸಾರೇ. ಡಾಕ್ಟರಿಗೆ ಬೇಜಾರಾಗ್ತದಾ?"

ಜಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ನಾನು ಒಂದನ್ನು ಕಚ್ಚಿದೆ. ಹಾಲು ತುಂಬಿದ ಜೋಳದಂಥ ಸಿಹಿ. "ಬೇಬಿ, ಡಾಕ್ಟರು ಹೇಳಿದ್ದು ಇದನ್ನೇ" ಎಂದೆ. ಅಂದು ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಅದೇ ದಿನಗಳಲ್ಲಿ ನಂಜುಂಡ ಭಾವನ ಮೊಮ್ಮಗುವಿನ ನಾಮಕರಣ. ಕಾಲಿಗೆ ಪಟ್ಟಿ ಸುತ್ತಿಕೊಂಡೇ ಹೋದೆ. ಪಂಕ್ತಿಯಲ್ಲಿ ಕೂತವನ ಎಲೆಗೆ ಭಾವ ಒಬ್ಬಟ್ಟು ತಂದರು. ಕೈ ಅಡ್ಡ ಹಿಡಿದೆ.

"ಇವತ್ತೊಂದಿನ ತಿಂದ್ರೆ ಏನೂ ಆಗಲ್ಲ ಕಣಯ್ಯ, ತಗೋ. ಮಗೀಗೆ ಒಳ್ಳೇದಾಗ್ಲಿ."

"ಭಾವ, ಕಾಲು ಕತ್ತರಿಸ್ತಾರೆ ಅಂದೋರೂ ನೀವೇ, ಒಬ್ಬಟ್ಟು ಬಡಿಸೋರೂ ನೀವೇ. ಯಾವುದಾದ್ರೂ ಒಂದು ಕಡೆ ನಿಂತ್ಕೊಳ್ಳಿ."

ಪಂಕ್ತಿ ಗೊಳ್ಳೆಂದಿತು. ನಾನು ಡಬ್ಬಿ ತೆಗೆದು ಎಲೆಯ ತುದಿಯಲ್ಲಿ, ಒಬ್ಬಟ್ಟು ಬೀಳಬೇಕಾದ ಜಾಗದಲ್ಲೇ, ಬೇಬಿಯ ಕ್ಯಾರೆಟ್ಟುಗಳನ್ನು ಸಾಲಾಗಿ ಜೋಡಿಸಿದೆ. ಯಾರೋ "ಮೊಲ, ಮೊಲ" ಎಂದರು. ನಾನು ಮೊಲದ ಹಾಗೆಯೇ ಸದ್ದು ಮಾಡಿ ತಿಂದೆ. ನಾಚಿಕೆಯಾಯಿತು, ನಿಜ. ಆದರೆ ನಾಚಿಕೆಯಿಂದ ಯಾರ ಕಾಲೂ ಕೊಳೆತದ್ದಿಲ್ಲ.

ಪಿಕ್ಕಿಂಗ್ ಶುರುವಾಗುವ ಮೊದಲು ಡಾಕ್ಟರ ಹತ್ತಿರ ಕೊನೆಯ ಭೇಟಿ. ಬೆರಳು ಉಳಿಯುವುದೋ ಹೋಗುವುದೋ ಅಂದೇ ತೀರ್ಮಾನ. ಬಸ್ಸಿನಲ್ಲಿ ಕಂಬಿ ಹಿಡಿದಿದ್ದ ನನ್ನ ಕೈಯನ್ನು ಜಯಮ್ಮ ನೋಡಿದಳು, ಎಳೆದು ಅಂಗೈ ತಿರುಗಿಸಿದಳು. ಅವಳ ಮುಖ ಬಿಳಿಚಿತು. ನನ್ನ ಅಂಗೈ ಹಳದಿಯಾಗಿತ್ತು. ಹಳದಿ ಎಂದರೆ ಅರಿಶಿನ ಕಲಸಿದ ಕೈಯ ಹಳದಿ.

"ಕಾಮಾಲೆ" ಎಂದಳು.

ಕಾಲಿಗೆಂದು ಕೂಡಿಟ್ಟ ಚಿಂತೆಯೆಲ್ಲ ಒಮ್ಮೆಲೇ ಲಿವರಿಗೆ ವರ್ಗವಾಯಿತು. ಜೊತೆಗೆ ಸಿಟ್ಟೂ ಬಂತು. ಇಷ್ಟು ಪಥ್ಯ, ಇಷ್ಟು ಸೂಜಿ, ಆ ಒಬ್ಬಟ್ಟು ಬಿಟ್ಟದ್ದು, ಎಲ್ಲ ಇದಕ್ಕಾ? ಬಾ, ಬರುವುದಿದ್ದರೆ ಇನ್ನೊಂದು ಬಾ, ನಿನಗೂ ಒಂದು ಡಬ್ಬಿ ಮಾಡಿಸುತ್ತೇನೆ ಎಂದು ಮನಸ್ಸಿನಲ್ಲೇ ಬೈದೆ.

ಡಾಕ್ಟರು ಪಟ್ಟಿ ಬಿಚ್ಚಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಒತ್ತಿದರು. "ನೋವಿದೆಯಾ?" ಇಲ್ಲ. "ನಡೀರಿ ನೋಡೋಣ." ನಡೆದೆ. ಬಾಗಿಲ ತನಕ ಹೋಗಿ ಬಂದೆ. ಆಗ ಕೆಳಗೆ ನೋಡಿದೆ. ಹೆಬ್ಬೆರಳ ಸಂದಿಯಲ್ಲಿ ಹೊಸ ಚರ್ಮ, ಕೂಸಿನ ಚರ್ಮದಂಥದ್ದು.

"ಪಿಕ್ಕಿಂಗಿಗೆ ಹೋಗಿ. ಬರಿಗಾಲಲ್ಲಿ ಹೋಗಬೇಡಿ" ಎಂದರು.

ನಾನು ಸಂತೋಷಪಡಲಿಲ್ಲ. ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದೆ. ಡಾಕ್ಟರು ನನ್ನ ಕಣ್ಣರೆಪ್ಪೆ ಬಿಡಿಸಿ ನೋಡಿದರು. ಕಣ್ಣು ಬೆಳ್ಳಗೇ ಇದೆ ಎಂದರು. ಅಂಗೈ ನೋಡಿದರು. ಅಂಗಾಲು ನೋಡಿದರು. ಅದೂ ಹಳದಿ.

"ಕ್ಯಾರೆಟ್ ಯಾವಾಗ ತಿಂತೀರಿ?"

"ಚಿಂತೆಯಾದಾಗ."

"ಚಿಂತೆ ಯಾವಾಗ ಆಗುತ್ತೆ?"

"ಬಿಡುವೇ ಇಲ್ಲ ಸಾರ್" ಎಂದಳು ಜಯಮ್ಮ.

ಡಾಕ್ಟರು ಕುರ್ಚಿಗೆ ಒರಗಿದರು. "ಕಾಮಾಲೆಯಲ್ಲ. ಅದು ಕ್ಯಾರೆಟ್ಟಿನ ಬಣ್ಣ. ಅತಿಯಾಗಿ ತಿಂದರೆ ಚರ್ಮಕ್ಕೆ ಇಳಿಯುತ್ತೆ. ಕಡಿಮೆ ಮಾಡಿ, ತಾನೇ ಹೋಗುತ್ತೆ."

"ಕಡಿಮೆ ಮಾಡದಿದ್ರೆ?"

"ಏನೂ ಆಗಲ್ಲ. ಹಳದಿ ಇರ್ತೀರಿ, ಅಷ್ಟೆ."

ಕಾಯಿಲೆ ಹೋಗಿಲ್ಲ. ಹೋಗುವುದೂ ಇಲ್ಲವಂತೆ, ಸೂಜಿಯೂ ಇದೆ, ಜಗಲಿಯ ದೀಪವೂ ಇದೆ, ಮರಳಿನ ಮಡಕೆಯೂ ಇದೆ. ಗೋಣಿಕೊಪ್ಪದಿಂದ ಯಾರೂ ಬರಲಿಲ್ಲ. ಕರಿಬೇವು ನನ್ನದೇ. ಪಿಕ್ಕಿಂಗಿನ ಮೊದಲ ದಿನ ಬೂಟು ಹಾಕಿಕೊಂಡು, ಅಂದಿನ ಮಟ್ಟಿಗೆ ಮಡಿಕೇರಿಯ ಕೋಟನ್ನೂ ಹಾಕಿ, ಡಬ್ಬಿ ಅದರ ಜೇಬಿಗೆ ಸೇರಿಸಿ, ಹಣ್ಣು ಅಳೆಯುವ ಕಟ್ಟೆಯ ಬಳಿ ಎರಡೂ ಕಾಲಲ್ಲಿ ನಿಂತೆ. ಗೋಣಿ ಹೊತ್ತು ಬಂದ ಹೆಂಗಸರಲ್ಲಿ ಒಬ್ಬಳು ನನ್ನ ಕೈ ನೋಡಿ, "ಏನ್ ರೈಟ್ರೇ, ಅರಿಶಿನ ಹಚ್ಕೊಂಡು ಬಂದಿದೀರಿ? ಈ ವಯಸ್ಸಲ್ಲಿ ಇನ್ನೊಂದು ಮದುವೆಯಾ?" ಎಂದಳು. ಕಟ್ಟೆಯ ಸುತ್ತ ಇದ್ದವರೆಲ್ಲ ನಕ್ಕರು. ಅವಳ ಗೋಣಿಯ ಹಣ್ಣು ಅಳೆಸಿ, ಜೇಬಿನಿಂದ ಒಂದು ಬೇಬಿ ಕ್ಯಾರೆಟ್ ತೆಗೆದು, ಎಲ್ಲರಿಗೂ ಕೇಳುವಂತೆ ಕಚ್ಚಿದೆ.

ಬೆರಳು ಹೋಗಲಿಲ್ಲ, ಕಣ್ಣು ಹೋಗಲಿಲ್ಲ, ಸೂಜಿ ಮುರಿಯಲಿಲ್ಲ, ಬಸ್ಸು ಉರುಳಲಿಲ್ಲ. ಅಷ್ಟೆಲ್ಲ ಮುಂದಾಲೋಚನೆ ಮಾಡಿದವನಿಗೆ ಹೊಳೆಯದೇ ಹೋದದ್ದು ಒಂದೇ, ಆದದ್ದೂ ಅದೊಂದೇ: ಅಂಗೈ ಹಳದಿಯಾಯಿತು.